ಮಕ್ಕಳಿಗೆ ಭೂಗೋಳವನ್ನು ಎಲ್ಲಿಂದ ಆರಂಭಿಸಬೇಕು? ಹದಿಮೂರು ಡಿಗ್ರಿಯ ಗೆರೆಯಿಂದ

ಹೊಸಕೋಟೆಯ ಬಳಿಯ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ವಾರಕ್ಕೊಮ್ಮೆ ಭೂಗೋಳ ಹೇಳಿಕೊಡಲು ಒಪ್ಪಿಕೊಂಡಿದ್ದೀರಿ. ಮಕ್ಕಳು ನದಿಗಳ, ರಾಜಧಾನಿಗಳ ಹೆಸರುಗಳನ್ನು ಪಟಪಟನೆ ಒಪ್ಪಿಸುತ್ತಾರೆ, ಆದರೆ ಅಕ್ಷಾಂಶ, ರೇಖಾಂಶಗಳನ್ನು ಕೇಳಿದರೆ ಪುಸ್ತಕದ ವ್ಯಾಖ್ಯೆಯಾಚೆಗೆ ಏನೂ ಹೊರಡುವುದಿಲ್ಲ, ಮೂಲ ಪರಿಕಲ್ಪನೆಗಳನ್ನು ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನಾಗಿ ನಾನು ಕೊಡುವ ಸಲಹೆ ಇಷ್ಟು: ಪಠ್ಯಪುಸ್ತಕದ ಅಧ್ಯಾಯಗಳ ಕ್ರಮವನ್ನು ಕೆಲವು ವಾರ ಬದಿಗಿಟ್ಟು, ಒಂದೇ ಒಂದು ಗೆರೆಯನ್ನು ಹಿಡಿದು ಹೊರಡಿ. ನಿಮ್ಮ ಶಾಲೆಗೆ ಹತ್ತಿರದಲ್ಲೇ ಹಾದುಹೋಗುವ 13 ಡಿಗ್ರಿ ಉತ್ತರ ಅಕ್ಷಾಂಶವೇ ಆ ಗೆರೆ. ಪಶ್ಚಿಮದಲ್ಲಿ ಮಂಗಳೂರು, ಅಲ್ಲಿಂದ ಸಕಲೇಶಪುರ, ಹಾಸನ, ಬೆಂಗಳೂರು, ಕೋಲಾರ, ವೆಲ್ಲೂರು, ಕೊನೆಗೆ ಚೆನ್ನೈ, ಇವೆಲ್ಲವೂ ಹೆಚ್ಚುಕಡಿಮೆ ಈ ಗೆರೆಯ ಮೇಲೆಯೇ ಇವೆ. ಎಂಟನೆಯ ತರಗತಿಗೆ ಬೇಕಾದ ಬಹುಪಾಲು ಪರಿಕಲ್ಪನೆಗಳು ಈ ಗೆರೆಯುದ್ದಕ್ಕೂ ಸಿಗುತ್ತವೆ.

ಮೊದಲ ತರಗತಿ ಕೊಠಡಿಯೊಳಗೆ ನಡೆಯಬಾರದು. ಶಾಲೆಯ ಮೈದಾನದಲ್ಲಿ ಸಮತಟ್ಟಾದ ಜಾಗ ನೋಡಿ, ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರ ನಿಲ್ಲುವಂತೆ ಕೋಲೊಂದನ್ನು ನೆಡಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ನೆಟ್ಟಗಿದೆಯೇ ಎಂಬುದು ತಿಳಿಯುತ್ತದೆ. ಕೋಲಿನ ಬುಡವನ್ನು ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಬಿಂದುವನ್ನೂ ಮಧ್ಯಾಹ್ನದ ನಂತರ ಮತ್ತೆ ಮುಟ್ಟುವ ಬಿಂದುವನ್ನೂ ಗುರುತಿಸಿ ಜೋಡಿಸಿದರೆ ಪೂರ್ವ ಪಶ್ಚಿಮದ ಗೆರೆ ಸಿಗುತ್ತದೆ. ಗುಡಿ ಕಟ್ಟುವ ಸ್ಥಪತಿಗಳು ದಿಕ್ಕು ನಿರ್ಧರಿಸಲು ಬಳಸುತ್ತಿದ್ದ ಶಂಕುವಿನ ವಿಧಾನವೇ ಇದು. ಸೂರ್ಯ ಹುಟ್ಟುವ ದಿಕ್ಕೇ ಪೂರ್ವ ಎಂದು ಪ್ರಾಥಮಿಕ ಶಾಲೆಯಲ್ಲಿ ಕಲಿತ ಮಕ್ಕಳಿಗೆ, ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಹಗಲೂ ಇರುಳೂ ಹೆಚ್ಚುಕಡಿಮೆ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳ ಸಮಯದಲ್ಲಿ ಮಾತ್ರ, ನಮ್ಮಲ್ಲಿ ಜೂನ್‌ನಲ್ಲಿ ಸುಮಾರು 24 ಡಿಗ್ರಿ ಉತ್ತರಕ್ಕೂ ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿದಿರುತ್ತಾನೆ ಎಂಬುದನ್ನು ಈ ಹಂತದಲ್ಲೇ ಹೇಳಿಬಿಡಿ. ದಿಕ್ಕು ಸಿಕ್ಕ ಕೂಡಲೇ ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯನ್ನು ಇಳಿಸಿ ಆ ಗೆರೆಗೆ ಸರಿಹೊಂದುವಂತೆ ನೆಲದ ಮೇಲೆ ಹಾಸಿ. ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ ಎಂಬ ಭ್ರಮೆಗೆ ಗೋಡೆಗೆ ತೂಗುಹಾಕಿದ ನಕ್ಷೆಗಳೇ ಬಹುಮಟ್ಟಿಗೆ ಕಾರಣ ಎಂಬುದು ನನ್ನ ಅಭಿಪ್ರಾಯ. ಕಾವೇರಿ ‘ಮೇಲಿನಿಂದ ಕೆಳಕ್ಕೆ’ ಹರಿಯಬೇಕಾದರೆ ದಕ್ಷಿಣಕ್ಕೇ ಹೋಗಬೇಕಲ್ಲವೇ ಎಂದು ಕೇಳುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ.

ಅದೇ ಕೋಲು ಅಕ್ಷಾಂಶವನ್ನೂ ಕಲಿಸುತ್ತದೆ. ವಿಷುವದ ದಿನ ನಡುಹಗಲಿನಲ್ಲಿ ಒಂದು ಮೀಟರ್ ಕೋಲಿನ ನೆರಳು ನಿಮ್ಮ ಶಾಲೆಯಲ್ಲಿ ಸುಮಾರು 23 ಸೆಂ.ಮೀ. ಉದ್ದವಿದ್ದು ಉತ್ತರಕ್ಕೆ ಬೀಳುತ್ತದೆ. ಕೋಲು ಮತ್ತು ನೆರಳನ್ನು ಕಾಗದದ ಮೇಲೆ ಅಳತೆಗೆ ತಕ್ಕಂತೆ ಬರೆದು, ಕೋನಮಾಪಕದಿಂದ ಕೋಲಿನ ತುದಿಯಲ್ಲಿರುವ ಕೋನವನ್ನು ಅಳೆದರೆ 13 ಡಿಗ್ರಿ ಬರುತ್ತದೆ. ತ್ರಿಕೋನಮಿತಿಯ ಅಗತ್ಯವೇ ಇಲ್ಲ. ಅಕ್ಷಾಂಶವೆಂಬುದು ಗ್ಲೋಬಿನ ಮೇಲೆ ಅಚ್ಚಾದ ಗೆರೆಯಾಗಿರದೆ ತಮ್ಮ ಮೈದಾನದಲ್ಲಿ ಅಳೆಯಬಹುದಾದ ಒಂದು ಕೋನ ಎಂಬುದು ಮಕ್ಕಳಿಗೆ ಆಗ ಮನವರಿಕೆಯಾಗುತ್ತದೆ. ಡಿಸೆಂಬರ್ 21ರ ಸುಮಾರಿಗೆ ಅದೇ ನೆರಳು 74 ಸೆಂ.ಮೀ.ಗೆ ಬೆಳೆದಿರುತ್ತದೆ. ಜೂನ್ 21ರಂದು ಅದು ಸುಮಾರು 18 ಸೆಂ.ಮೀ. ಇದ್ದು ದಕ್ಷಿಣಕ್ಕೆ ಬೀಳುತ್ತದೆ. ನಡುಹಗಲಿನ ನೆರಳು ಸದಾ ಉತ್ತರಕ್ಕೇ ಎಂಬ ಮಾತು ಕರ್ಕಾಟಕ ಸಂಕ್ರಾಂತಿ ವೃತ್ತದಿಂದಾಚೆಗಿನ ಊರುಗಳಿಗೆ ಸರಿ, ನಮಗೆ ಅದು ಅನ್ವಯಿಸುವುದಿಲ್ಲ. ಏಪ್ರಿಲ್ 24 ಅಥವಾ 25ರಂದು ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ನಿಲ್ಲುವುದರಿಂದ ಈ ಗೆರೆಯ ಮೇಲಿನ ಎಲ್ಲ ಊರುಗಳಲ್ಲೂ ನೆಟ್ಟಗಿರುವ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್‌ನದು ಬೇಸಿಗೆ ರಜೆಗೆ ಸಿಕ್ಕಿಬೀಳುತ್ತದೆ, ಆಗಸ್ಟ್‌ನದು ಮೋಡಕ್ಕೆ. ಆದರೂ ಆಗಸ್ಟ್‌ನಲ್ಲಿ ಪ್ರಯತ್ನಿಸಿ. ಸೂರ್ಯನನ್ನು ನೇರವಾಗಿ ನೋಡಕೂಡದು, ನೆರಳನ್ನು ಮಾತ್ರ ನೋಡಬೇಕು ಎಂಬುದನ್ನು ಪ್ರತಿ ಬಾರಿಯೂ ಹೇಳಬೇಕಾಗುತ್ತದೆ.

ಋತುಗಳ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ. ಭೂಮಿಯು ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಎಂಬ ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾದದ್ದು. ಅದನ್ನು ಅಲ್ಲಗಳೆಯಲು ಒಂದೇ ಸಂಗತಿ ಸಾಕು: ಭೂಮಿ ಸೂರ್ಯನಿಗೆ ಅತಿ ಸಮೀಪದಲ್ಲಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ, ಅತಿ ದೂರವಿರುವುದು ಜುಲೈ ಆರಂಭದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ದೂರದಲ್ಲಿ. ಭೂಮಿಯ ಅಕ್ಷದ ಇಪ್ಪತ್ತಮೂರೂವರೆ ಡಿಗ್ರಿ ಓರೆಯೇ ಋತುಗಳಿಗೆ ಕಾರಣ ಎಂಬುದಕ್ಕೆ ಮಕ್ಕಳು ತಾವೇ ಬರೆದಿಟ್ಟ ನೆರಳಿನ ಅಳತೆಗಳು ಸಾಕ್ಷಿಯಾಗುತ್ತವೆ. ಜಾಣ ವಿದ್ಯಾರ್ಥಿಯೊಬ್ಬ, ಹಾಗಾದರೆ ಆಗಸ್ಟ್‌ನಲ್ಲಿಯೂ ಏಪ್ರಿಲ್‌ನಷ್ಟೇ ಸೆಖೆಯಿರಬೇಕಲ್ಲವೇ ಎಂದು ಕೇಳಬಹುದು. ಮುಂಗಾರಿನ ಮೋಡ ಮತ್ತು ಮಳೆ ಬಿಸಿಲನ್ನು ತಡೆಯುತ್ತವೆ ಎಂಬ ಉತ್ತರದೊಂದಿಗೆ ಪಾಠವು ಖಗೋಳದಿಂದ ವಾಯುಗುಣಕ್ಕೆ ಇಳಿಯುತ್ತದೆ.

ರೇಖಾಂಶಕ್ಕೆ ದಿನಪತ್ರಿಕೆ ಅಥವಾ ಮೊಬೈಲಿನಲ್ಲಿ ಸಿಗುವ ಸೂರ್ಯಾಸ್ತದ ವೇಳೆ ಸಾಕು. ಒಂದೇ ದಿನದ ಸೂರ್ಯಾಸ್ತವನ್ನು ಮಂಗಳೂರು, ಬೆಂಗಳೂರು, ಚೆನ್ನೈಗಳಿಗೆ ಹುಡುಕಿ ಬರೆಯಲು ಹೇಳಿ. ಮೂರೂ ಊರುಗಳ ಅಕ್ಷಾಂಶ ಹೆಚ್ಚುಕಡಿಮೆ ಒಂದೇ ಆದುದರಿಂದ ಹಗಲಿನ ಉದ್ದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ಚೆನ್ನೈಗಿಂತ ಬೆಂಗಳೂರಿನಲ್ಲಿ, ಬೆಂಗಳೂರಿಗಿಂತ ಮಂಗಳೂರಿನಲ್ಲಿ ಸೂರ್ಯ ಸುಮಾರು 11 ನಿಮಿಷ ತಡವಾಗಿ ಮುಳುಗುತ್ತಾನೆ. ಭೂಮಿ ಗಂಟೆಗೆ 15 ಡಿಗ್ರಿ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ ಎಂಬುದನ್ನು ಹೇಳಿ, ಊರುಗಳ ನಡುವಿನ ಅಂತರ ಎಷ್ಟು ಡಿಗ್ರಿ ಎಂಬುದನ್ನು ಅವರೇ ಲೆಕ್ಕ ಹಾಕಲಿ. ಸುಮಾರು ಎರಡೂಮುಕ್ಕಾಲು ಡಿಗ್ರಿ ಎಂಬ ಉತ್ತರ ಬಂದ ಮೇಲೆ ನಕ್ಷೆಯಲ್ಲಿ ಸರಿನೋಡಲಿ. ಭಾರತೀಯ ಪ್ರಮಾಣ ಕಾಲವು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಸೇರಿದ್ದು, ನೀವಿರುವುದು ಸುಮಾರು 77.8 ಡಿಗ್ರಿಯಲ್ಲಿ. ಹಾಗಾಗಿ ನಿಮ್ಮ ಮೈದಾನದಲ್ಲಿ ನೆರಳು ಅತಿ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ 12 ಗಂಟೆ 19 ನಿಮಿಷಕ್ಕೆ. ನವೆಂಬರ್ ಆರಂಭದಲ್ಲಿ ಅದು 12 ಗಂಟೆ 3 ನಿಮಿಷದ ಹತ್ತಿರಕ್ಕೂ ಫೆಬ್ರವರಿಯಲ್ಲಿ 12 ಗಂಟೆ 33 ನಿಮಿಷದ ಹತ್ತಿರಕ್ಕೂ ಸರಿಯುತ್ತದೆ. ಅದರ ಕಾರಣವನ್ನು ಎಂಟನೆಯ ತರಗತಿಯಲ್ಲಿ ವಿವರಿಸಲು ಹೋಗಬೇಡಿ, ನೆರಳನ್ನು ಯಾವಾಗ ಅಳೆಯಬೇಕೆಂದು ನಿಮಗೆ ತಿಳಿದಿದ್ದರೆ ಸಾಕು.

ಈ ಗೆರೆಯ ಉದ್ದವನ್ನೂ ಮಕ್ಕಳೇ ಕಂಡುಹಿಡಿಯಬಲ್ಲರು. 13 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶದ ಅಗಲ ಸುಮಾರು 108 ಕಿ.ಮೀ.; ಮಂಗಳೂರಿನಿಂದ ಚೆನ್ನೈಗೆ ಸುಮಾರು 5.4 ಡಿಗ್ರಿ, ಗುಣಿಸಿದರೆ 580 ಕಿ.ಮೀ.ಗೆ ಸ್ವಲ್ಪ ಮೇಲೆ. ಇಲ್ಲಿ ಇತಿಹಾಸದ ಒಂದು ತುಣುಕನ್ನು ಸೇರಿಸಿದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ. 1802ರಲ್ಲಿ ಬ್ರಿಟಿಷ್ ಸರ್ವೇ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯನ್ನು ಅಳೆದು, ಬೆಂಗಳೂರಿನ ಮೂಲಕ ತ್ರಿಕೋನಗಳ ಸರಪಳಿಯನ್ನು ಪಶ್ಚಿಮ ಕರಾವಳಿಯ ಮಂಗಳೂರಿನವರೆಗೆ ಒಯ್ದನು. ಅದಕ್ಕೆ ಮೊದಲಿನ ನಕ್ಷೆಗಳಲ್ಲಿ ಸುಮಾರು 400 ಮೈಲಿ ಎಂದು ಕಾಣಿಸುತ್ತಿದ್ದ ಪರ್ಯಾಯ ದ್ವೀಪದ ಅಗಲವು ವಾಸ್ತವದಲ್ಲಿ ಸುಮಾರು 360 ಮೈಲಿ ಮಾತ್ರ ಎಂದು ಆಗ ತಿಳಿಯಿತು. 360 ಮೈಲಿಯನ್ನು ಕಿಲೋಮೀಟರಿಗೆ ಪರಿವರ್ತಿಸಿ ತಮ್ಮ ಉತ್ತರದೊಂದಿಗೆ ಹೋಲಿಸಲು ಮಕ್ಕಳಿಗೆ ಬಿಡಿ.

ಇನ್ನು ನಕ್ಷೆಯ ಪ್ರಮಾಣ. ಭೂಗೋಳದಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಒಳಗಾದ ಪರಿಕಲ್ಪನೆ ಇದೇ ಎಂದು ನಾನು ಭಾವಿಸುತ್ತೇನೆ. ಹೆಜ್ಜೆ ಅಳತೆಯಿಂದ ಶಾಲೆಯ ಆವರಣದ ನಕ್ಷೆ ಬರೆಸುವುದು ಎಲ್ಲರೂ ಹೇಳುವ ಚಟುವಟಿಕೆ, ಅದನ್ನು ಮಾಡಿಸಿ. ಅನಂತರ ಮಂಗಳೂರಿನಿಂದ ಚೆನ್ನೈವರೆಗಿನ ನೆಲದ ಅಡ್ಡಸೀಳು ಚಿತ್ರವನ್ನು ಬರೆಸಿ. ಒಂದು ಸೆಂ.ಮೀ.ಗೆ 20 ಕಿ.ಮೀ. ಎಂದಿಟ್ಟುಕೊಂಡರೆ ಗೆರೆ ಸುಮಾರು 29 ಸೆಂ.ಮೀ. ಆಗುತ್ತದೆ. ಮಂಗಳೂರಿನಲ್ಲಿ ಎತ್ತರ ಸಮುದ್ರಮಟ್ಟಕ್ಕಿಂತ ಅಷ್ಟಿಷ್ಟು ಮೇಲೆ, ನೂರು ಕಿ.ಮೀ. ದೂರದ ಸಕಲೇಶಪುರದ ಹೊತ್ತಿಗೆ 900 ಮೀಟರ್ ದಾಟಿರುತ್ತದೆ. ಹಾಸನ, ಬೆಂಗಳೂರುಗಳಲ್ಲಿ ಹೆಚ್ಚುಕಡಿಮೆ ಅದೇ ಎತ್ತರ ಮುಂದುವರಿದು, ಕೋಲಾರದಾಚೆ ಇಳಿಯುತ್ತ ಚೆನ್ನೈಯಲ್ಲಿ ಮತ್ತೆ ಸಮುದ್ರಮಟ್ಟಕ್ಕೆ ಬರುತ್ತದೆ. ಎತ್ತರಕ್ಕೂ ಅದೇ ಪ್ರಮಾಣವನ್ನು ಬಳಸಿದರೆ 900 ಮೀಟರ್ ಎಂಬುದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ, ಅಂದರೆ ಪಶ್ಚಿಮ ಘಟ್ಟಗಳೆಲ್ಲವೂ ಪೆನ್ಸಿಲ್ ಗೆರೆಯ ದಪ್ಪದೊಳಗೇ ಅಡಗಿಹೋಗುತ್ತವೆ. ಮಕ್ಕಳು ಗೊಂದಲಗೊಂಡು ನಿಮ್ಮ ಮುಖ ನೋಡುವವರೆಗೂ ಏನೂ ಹೇಳಬೇಡಿ. ಎತ್ತರಕ್ಕೆ ಬೇರೆ ಪ್ರಮಾಣ, ಒಂದು ಸೆಂ.ಮೀ.ಗೆ 100 ಮೀಟರ್ ಇಡೋಣವೇ ಎಂದು ಅವರಲ್ಲೇ ಯಾರಾದರೂ ಕೇಳಿದಾಗ ಒಪ್ಪಿಕೊಂಡು, ಹಾಗೆ ಮಾಡಿದರೆ ಎತ್ತರವನ್ನು 200 ಪಟ್ಟು ಉತ್ಪ್ರೇಕ್ಷಿಸಿದಂತಾಯಿತು ಎಂಬುದನ್ನು ಲೆಕ್ಕ ಹಾಕಿಸಿ. ಪುಸ್ತಕದಲ್ಲಿ ಪರ್ವತಗಳ ಚೂಪಾದ ಚಿತ್ರ ಕಂಡಾಗಲೆಲ್ಲ ಇದರ ಪ್ರಮಾಣವೇನು ಎಂದು ಕೇಳುವ ಅಭ್ಯಾಸ ಅಲ್ಲಿಂದ ಆರಂಭವಾಗುತ್ತದೆ.

ಆ ಅಡ್ಡಸೀಳು ಚಿತ್ರವನ್ನು ಎಸೆಯಬಾರದು, ಏಕೆಂದರೆ ಮುಂದಿನ ಪಾಠಗಳೆಲ್ಲವೂ ಅದರ ಮೇಲೆಯೇ ನಿಲ್ಲುತ್ತವೆ. ಅದರ ಕೆಳಗೆ ಮೂರು ನಗರಗಳ ಮಳೆಯನ್ನು ಸ್ತಂಭಗಳಾಗಿ ಬರೆಸಿ: ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು, ಬೆಂಗಳೂರಿನಲ್ಲಿ ಸಾವಿರಕ್ಕೆ ಸ್ವಲ್ಪ ಕಡಿಮೆ, ಚೆನ್ನೈಯಲ್ಲಿ ಸುಮಾರು 1,400. ಅಕ್ಷಾಂಶ ಒಂದೇ ಆಗಿರುವಾಗ ಮಳೆಯಲ್ಲಿ ಇಷ್ಟು ಅಂತರ ಏಕೆ? ಅರಬ್ಬಿ ಸಮುದ್ರದಿಂದ ಬರುವ ತೇವಾಂಶ ತುಂಬಿದ ನೈಋತ್ಯ ಮಾರುತವು ಘಟ್ಟದ ಗೋಡೆಯನ್ನು ಏರಬೇಕಾಗಿ ಬಂದು, ಏರುತ್ತ ತಂಪಾಗಿ, ಪಶ್ಚಿಮದ ಮಗ್ಗುಲಲ್ಲೇ ನೀರಿನ ಬಹುಪಾಲನ್ನು ಸುರಿಸಿಬಿಡುತ್ತದೆ. ಘಟ್ಟ ದಾಟಿ ಇಳಿಯುವ ಗಾಳಿ ಒಣಗಿರುವುದರಿಂದ ಪೂರ್ವಕ್ಕೆ ಮಳೆನೆರಳಿನ ಪ್ರದೇಶ ಉಂಟಾಗುತ್ತದೆ. ಹಾಗಿದ್ದರೆ ಇನ್ನೂ ಪೂರ್ವದ ಚೆನ್ನೈಗೆ ಬೆಂಗಳೂರಿಗಿಂತ ಹೆಚ್ಚು ಮಳೆ ಹೇಗೆ ಎಂಬ ಪ್ರಶ್ನೆಗೆ ತಿಂಗಳವಾರು ಅಂಕಿಗಳನ್ನು ನೋಡಿಸಿ. ಮಂಗಳೂರಿನ ಮಳೆ ಜೂನ್, ಜುಲೈಗಳಲ್ಲಿ ಕಿಕ್ಕಿರಿದಿದ್ದರೆ ಚೆನ್ನೈಯದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಮೇಲಿಂದ ಬೀಸುವ ಈಶಾನ್ಯ ಮಾರುತದ್ದು. ಉಷ್ಣಾಂಶವನ್ನೂ ಇಲ್ಲೇ ಮುಗಿಸಬಹುದು: ಎತ್ತರ ಒಂದು ಕಿ.ಮೀ. ಹೆಚ್ಚಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ನಿಯಮವನ್ನು ಹೇಳಿದರೆ, ಬೆಂಗಳೂರಿನ ಹಿತವಾದ ಹವೆಗೆ ಅದರ ಎತ್ತರವೇ ಮುಖ್ಯ ಕಾರಣ ಎಂಬುದನ್ನು ಚಿತ್ರವೇ ತೋರಿಸುತ್ತದೆ.

ನದಿಗಳನ್ನು ಇಳಿಜಾರಿನಿಂದ ಕಲಿಸಬೇಕು, ಪಟ್ಟಿಯಿಂದಲ್ಲ. ಸಕಲೇಶಪುರದಲ್ಲಿ ಹರಿಯುವ ಹೇಮಾವತಿಯಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ಸುಮಾರು ನೂರು ಕಿ.ಮೀ. ದೂರ, ಆದರೂ ಆ ನೀರು ಪೂರ್ವಕ್ಕೆ ತಿರುಗಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಅದೇ ತಾಲ್ಲೂಕಿನಲ್ಲಿ ಹುಟ್ಟುವ ಎತ್ತಿನಹೊಳೆಯಾದರೋ ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಪಶ್ಚಿಮದ ಕಡಲಿಗೆ ಇಳಿಯುತ್ತದೆ. ಎರಡರ ನಡುವೆ ಇರುವ ಏರೇ ಜಲವಿಭಾಜಕ. ನಿಮ್ಮ ಮಕ್ಕಳಿಗೆ ಎತ್ತಿನಹೊಳೆ ಎಂಬ ಹೆಸರು ಪರಿಚಿತವೇ ಇರುತ್ತದೆ, ಏಕೆಂದರೆ ಆ ನೀರನ್ನು ಪಂಪುಗಳಿಂದ ಮೇಲೆತ್ತಿ ಜಲವಿಭಾಜಕವನ್ನು ದಾಟಿಸಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ತರುವ ಯೋಜನೆಯೇ ನಡೆಯುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಹಂತದ ಉದ್ಘಾಟನೆಯೂ ಆಯಿತು. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆಗೆ ಇಳಿಯುವ ಮೊದಲು, ನೀರನ್ನು ಎತ್ತಲು ವಿದ್ಯುತ್ ಏಕೆ ಬೇಕು ಎಂಬುದನ್ನು ಮಕ್ಕಳು ತಮ್ಮ ಅಡ್ಡಸೀಳು ಚಿತ್ರದ ಮೇಲೆ ಬೆರಳಿಟ್ಟು ತೋರಿಸಲಿ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಬೆಂಗಳೂರೇ ಒಂದು ದಿಣ್ಣೆಯ ಮೇಲೆ ಕುಳಿತಿದೆ: ನಗರದ ಪಶ್ಚಿಮ ಭಾಗದ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೂ ಕಾವೇರಿಗೂ ಹೋಗುತ್ತದೆ, ಪೂರ್ವ ಭಾಗದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ಹೊಸಕೋಟೆಯ ಕೆರೆ ಇರುವುದೂ ದಕ್ಷಿಣ ಪಿನಾಕಿನಿಯ ಹಾದಿಯಲ್ಲಿಯೇ. ಮಳೆ ಬಂದ ದಿನ ಶಾಲೆಯ ಮೈದಾನದ ನೀರು ಯಾವ ಚರಂಡಿಗೆ, ಅಲ್ಲಿಂದ ಯಾವ ಕೆರೆಗೆ ಹೋಗುತ್ತದೆ ಎಂದು ಹಿಂಬಾಲಿಸಿ ನೋಡಿಬರುವ ಕೆಲಸವನ್ನು ಮನೆಗೆಲಸವಾಗಿ ಕೊಡಿ. ಇದರ ಜೊತೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳನಕ್ಷೆಯನ್ನು ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು ತೋರಿಸಿದರೆ, ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಸಮೋನ್ನತ ರೇಖೆಗಳು ಒತ್ತಾಗಿರುವಲ್ಲಿ ಕಡಿದಾದ ಇಳಿಜಾರು, ವಿರಳವಾಗಿರುವಲ್ಲಿ ಬಯಲು ಎಂಬುದನ್ನು ಅವರು ತಮ್ಮದೇ ಕೆರೆಯ ಸುತ್ತ ಓದಬಲ್ಲರು.

ಗ್ಲೋಬನ್ನು ಕೊನೆಗೆ ಇಡಬೇಕೆಂದು ನಾನು ಹೇಳುತ್ತಿಲ್ಲ. ಅದು ಮೊದಲ ದಿನದಿಂದಲೇ ಮೇಜಿನ ಮೇಲಿರಲಿ, ಮೈದಾನದಲ್ಲಿ ಅಳೆದದ್ದು ಗ್ಲೋಬಿನಲ್ಲಿ ಎಲ್ಲಿದೆ ಎಂದು ಪ್ರತಿ ಬಾರಿಯೂ ತೋರಿಸಿ. ಮಣ್ಣು, ಬೆಳೆ, ಜನವಸತಿ, ಸಾರಿಗೆಗಳ ಪಾಠಗಳಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ, ಅವೂ ಇದೇ ಗೆರೆಗೆ ಹೊಂದಿಕೊಳ್ಳುತ್ತವೆ: ಕರಾವಳಿಯ ಭತ್ತ, ಸಕಲೇಶಪುರದ ಕಾಫಿ, ಹಾಸನದಿಂದ ಪೂರ್ವಕ್ಕೆ ರಾಗಿ. ಪರೀಕ್ಷೆಗೆ ಮಾತ್ರ ಈ ಗೆರೆಯನ್ನು ಕೊಡಬೇಡಿ. ಗೋವಾದ ಕರಾವಳಿಯಿಂದ ಹುಬ್ಬಳ್ಳಿ, ಗದಗ, ಕೊಪ್ಪಳಗಳ ಮೂಲಕ ಆಂಧ್ರದ ಒಂಗೋಲಿನವರೆಗೆ ಹೋಗುವ 15½ ಡಿಗ್ರಿಯ ಸುಮಾರಿನ ಗೆರೆಯೊಂದನ್ನು ಎಳೆದುಕೊಟ್ಟು, ಹೆಚ್ಚು ಮಳೆ ಎಲ್ಲಿ, ನದಿಗಳ ದಿಕ್ಕು ಯಾವುದು, ಎರಡು ತುದಿಗಳ ಸೂರ್ಯಾಸ್ತಕ್ಕೆ ಎಷ್ಟು ನಿಮಿಷದ ಅಂತರ, ನೆತ್ತಿಯ ಮೇಲಿನ ಸೂರ್ಯ ಏಪ್ರಿಲ್ 24ಕ್ಕೆ ಮೊದಲೋ ಅನಂತರವೋ ಎಂದು ಕೇಳಿ, ಪುಸ್ತಕ ತೆರೆಯದೆ ಕಾರಣ ಸಹಿತ ಊಹಿಸಿ ಬರೆಯಲು ಹೇಳಿ. ಅಂಕಗಳನ್ನು ಕಾರಣಗಳಿಗೆ ಕೊಡಿ, ಊಹೆ ನಾಲ್ಕಾರು ನಿಮಿಷ ಹೆಚ್ಚುಕಡಿಮೆಯಾದರೆ ಕಳೆಯಬೇಡಿ.