ಟೊಮೆಟೊ ಬೆಲೆ ಏರಿಕೆಗೆ ಹೋಟೆಲ್‌ನವರು, ಸರ್ಕಾರ ಮೊದಲೇ ಹೇಗೆ ತಯಾರಾಗಬಹುದು?

ಬೆಲೆ ನೆಲಕಚ್ಚಿದಾಗಲೇ ತಯಾರಿ ಶುರು ಮಾಡಬೇಕು. ಟೊಮೆಟೊವನ್ನು ಈರುಳ್ಳಿ ಥರ ತಿಂಗಳುಗಟ್ಟಲೆ ಇಡಲು ಆಗಲ್ಲ ಅಲ್ವಾ? ರೇಟು ಬಿದ್ದರೆ ರೈತರು ಬೀದಿಗೆ ಸುರಿಯುತ್ತಾರೆ, ಮುಂದಿನ ಸಲ ಕಡಿಮೆ ನಾಟಿ ಮಾಡುತ್ತಾರೆ, ಆ ಕಡಿಮೆ ಬೆಳೆಗೇ ಮಳೆಯೋ ರೋಗವೋ ಬಡಿದರೆ ಮುಗಿಯಿತು. 2023ರಲ್ಲಿ ಕೋಲಾರದ ಬೆಳೆಗೆ ಎಲೆ ಮುದುಡು ರೋಗ ಬಂತು, ಜುಲೈನಲ್ಲಿ ಬೆಲೆ ಕೆಜಿಗೆ 100 ರೂಪಾಯಿ ದಾಟಿತು, ಮೆಕ್‌ಡೊನಾಲ್ಡ್ಸ್ ಕೂಡ ಭಾರತದ ಹಲವು ಮಳಿಗೆಗಳಲ್ಲಿ ಟೊಮೆಟೊ ಕೈಬಿಟ್ಟಿತ್ತು. ಆಗ ಸರ್ಕಾರ ರಿಯಾಯಿತಿ ದರದಲ್ಲಿ ಮಾರಿದ್ದು ಬೆಂಕಿ ಬಿದ್ದಮೇಲೆ ಬಾವಿ ತೋಡಿದ ಹಾಗೆ.

ಹೋಟೆಲ್‌ನವರು ಅಗ್ಗದ ದಿನಗಳಲ್ಲೇ ಪ್ಯೂರಿ (ಟೊಮೆಟೊ ಅರೆದು ಮಾಡಿದ ಗಟ್ಟಿ ರಸ) ಮಾಡಿಸಿಟ್ಟುಕೊಳ್ಳಲಿ. ಎರಡು-ಮೂರು ಜಿಲ್ಲೆಯ ರೈತರ ಜೊತೆ ರೇಟು ಮೊದಲೇ ಮಾತಾಡಿಕೊಳ್ಳಲಿ. ಸರ್ಕಾರ ಮಾರುಕಟ್ಟೆ ಪಕ್ಕದಲ್ಲೇ ಪ್ಯೂರಿ ಘಟಕ ಹಾಕಿಸಿ, ರೋಗ ತಡೆಯುವ ತಳಿಯ ಸಸಿ ಕೊಟ್ಟರೆ ಸುರಿಯುವ ಹಣ್ಣೂ ಕಡಿಮೆಯಾಗುತ್ತದೆ, ನಾಟಿಯೂ ನಿಲ್ಲುವುದಿಲ್ಲ.