ನಾಲ್ಕನೇ ವಾರವೋ, ಆರನೇ ವಾರವೋ?

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ಬಿ.ಫಾರ್ಮ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇದು: "ನಮ್ಮದು ರೇಷ್ಮೆ ಸಾಕುವ ಮನೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದೆ. ಈಗ ಜೀವಕೋಶ, ಅಂಗಾಂಶ, ಭ್ರೂಣ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ. ನಾಳೆ ಔಷಧ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುವವಳಿಗೆ ಭ್ರೂಣದ ಮೂರು ಪದರಗಳು ಏಕೆ? ಮುಂದೆ ಮೆದುಳು, ಬೆನ್ನುಹುರಿ ಆಗುವ ನರನಾಳ ನಾಲ್ಕನೇ ವಾರಕ್ಕೆ ಮುಚ್ಚುತ್ತದೆ ಎಂದು ನನ್ನ ಪುಸ್ತಕ ಹೇಳುತ್ತದೆ, ನರ್ಸಿಂಗ್ ಓದುವ ಗೆಳತಿ ಆರನೇ ವಾರ ಎನ್ನುತ್ತಾಳೆ. ಯಾವುದು ಸರಿ? ನಿಮ್ಮ ಕಳೆದ ಸಂಚಿಕೆಯಲ್ಲಿ 'ಗರ್ಭ ಖಚಿತವಾದ ಕೂಡಲೇ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿ' ಎಂದಿತ್ತು. ಆ ನಾಳ ಸರಿಯಾಗಿ ಮುಚ್ಚಲೆಂದೇ ಆ ವಿಟಮಿನ್ ಕೊಡುವುದಾದರೆ, ಅಷ್ಟು ಹೊತ್ತಿಗೆ ತಡವಾಗಿರುವುದಿಲ್ಲವೇ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಮ್ಮದು. ಆ ಸಾಲನ್ನು ಇಬ್ಬರು ಓದಿ, ಒಂದು ಅಲ್ಪವಿರಾಮವನ್ನು ತಿದ್ದಿ, ಅಚ್ಚಿಗೆ ಕಳಿಸಿದೆವು. ಆ ಇಬ್ಬರಲ್ಲಿ ಒಬ್ಬ ನಾನು. ಭ್ರೂಣಶಾಸ್ತ್ರ ನನಗೇಕೆ ಎಂದು ಕೇಳುವ ಪತ್ರದಲ್ಲಿಯೇ ನೀವು ಭ್ರೂಣಶಾಸ್ತ್ರ ಓದಿದ್ದರಿಂದ ನಮ್ಮ ತಪ್ಪು ಹಿಡಿದಿದ್ದೀರಿ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು.

ನಾಲ್ಕು ಮತ್ತು ಆರರ ಜಗಳದಲ್ಲಿ ಇಬ್ಬರೂ ಸರಿ. ನಿಮ್ಮ ಪುಸ್ತಕ ಅಂಡಾಣು ಮತ್ತು ವೀರ್ಯಾಣು ಕೂಡಿದ ದಿನದಿಂದ ಎಣಿಸುತ್ತದೆ. ಆಸ್ಪತ್ರೆಯಲ್ಲಿ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಏಕೆಂದರೆ ಹೆಣ್ಣುಮಕ್ಕಳಿಗೆ ನೆನಪಿರುವ ದಿನ ಅದೊಂದೇ. ಎರಡರ ನಡುವೆ ಸುಮಾರು ಎರಡು ವಾರಗಳ ಅಂತರ. ಈ ಅಂತರವನ್ನು ಪಾಠದ ಮೊದಲ ದಿನವೇ ಹೇಳಿಕೊಡಬೇಕು, ಹೆಚ್ಚಿನ ಕಡೆ ಹೇಳುವುದಿಲ್ಲ ಎಂಬುದು ನನ್ನ ಅನುಮಾನ.

ಈಗ ಲೆಕ್ಕ ಹಾಕೋಣ. ನರನಾಳ ಪೂರ್ತಿ ಮುಚ್ಚುವುದು ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ, ಅಂದರೆ ಕೊನೆಯ ಮುಟ್ಟಿನಿಂದ 42ನೇ ದಿನಕ್ಕೆ. ಮುಟ್ಟು ಬರಬೇಕಾದ ದಿನ ತಪ್ಪಿ ಆಗ ಎರಡು ವಾರಗಳಷ್ಟೇ ಆಗಿರುತ್ತದೆ. ಮನೆಯಲ್ಲಿ ಗುಸುಗುಸು ಮುಗಿದು, ಪರೀಕ್ಷೆಯಾಗಿ, ಚಿಕ್ಕಬಳ್ಳಾಪುರಕ್ಕೆ ಬಸ್ ಹತ್ತಿ ವೈದ್ಯರನ್ನು ಕಾಣುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ. ಸರಿಯಾಗಿ ಮುಚ್ಚದಿದ್ದರೆ ಮಗುವಿನ ಬೆನ್ನುಹುರಿ ಅಥವಾ ಮೆದುಳಿನಲ್ಲಿ ಊನ ಉಳಿಯುತ್ತದೆ. ಒಮ್ಮೆ ಅಂಥ ಗರ್ಭವಾಗಿದ್ದ ತಾಯಂದಿರಿಗೆ ಮುಂದಿನ ಬಾರಿ ಗರ್ಭಕ್ಕೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟಾಗ ಮರುಕಳಿಕೆ ನಾಲ್ಕರಲ್ಲಿ ಮೂರು ಪಾಲಿನಷ್ಟು ತಗ್ಗಿತೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ಉಳಿದ ಹೆಚ್ಚಿನವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು.

ಆಶಾ ಕಾರ್ಯಕರ್ತೆಯರು ತಂದುಕೊಡುವ ಕೆಂಪು ಮಾತ್ರೆ ಇದಕ್ಕಾಗಿಯೇ ಎಂದು ತಿಳಿದವರು ಅನೇಕರಿದ್ದಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ, ನಿಜ. ಆದರೆ ಗರ್ಭಿಣಿಯರಿಗೆ ಅದು ಶುರುವಾಗುವುದು ನಾಲ್ಕನೇ ತಿಂಗಳಿನಿಂದ, ರಕ್ತಹೀನತೆಗಾಗಿ. ನರನಾಳದ ಕೆಲಸ ಮುಗಿದು ಆಗ ಎಷ್ಟೋ ದಿನಗಳಾಗಿರುತ್ತವೆ.

"ಚೀಟಿ ನೋಡಿ ಮಾತ್ರೆ ಕೊಡುವವಳು" ಎಂದು ಬರೆದಿದ್ದೀರಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರುಕಟ್ಟೆಗೆ ಬಂತು. ಅಲ್ಲಿ ಅದಕ್ಕೆ ಚೀಟಿಯೂ ಬೇಕಿರಲಿಲ್ಲ. ಬಸಿರಿಯರು ವಾಕರಿಕೆಗೂ ನುಂಗಿದರು. 1961ರ ನವೆಂಬರಿನಲ್ಲಿ ಅಲ್ಲಿ ಅದನ್ನು ಹಿಂದಕ್ಕೆ ಪಡೆದರು. ಒಟ್ಟಿನಲ್ಲಿ ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಮೊಟಕಾದ ಕೈಕಾಲುಗಳೊಂದಿಗೆ, ಕೆಲವರು ಕಿವಿಗಳಿಲ್ಲದೆ ಹುಟ್ಟಿದರು. ಮಾತ್ರೆ ಕೆಡುಕು ಮಾಡಿದ್ದು ಗರ್ಭ ಕಟ್ಟಿದ 20ರಿಂದ 36ನೇ ದಿನಗಳ ನಡುವೆ. ಆ ಅವಧಿಯ ಆರಂಭದಲ್ಲಿ ನುಂಗಿದರೆ ಕಿವಿ, ಕೆಲವು ದಿನ ಬಿಟ್ಟರೆ ತೋಳು, ಇನ್ನೂ ಮುಂದೆ ಹೋದರೆ ಕಾಲು. ಮೈಯ ಯಾವ ಭಾಗ ಯಾವ ದಿನ ಮೂಡುತ್ತದೆ ಎಂಬ ನಿಮ್ಮ ಪಾಠದ ಕೋಷ್ಟಕವೇ ಆ ಮಕ್ಕಳ ಮೈಮೇಲೆ ಬರೆದಂತಿತ್ತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ತಡೆಹಿಡಿದವರು ಔಷಧ ವಿಜ್ಞಾನಿ ಫ್ರಾನ್ಸಿಸ್ ಕೆಲ್ಸಿ. ಗರ್ಭದಲ್ಲಿರುವ ಮೊಲದ ಮರಿ ಕ್ವಿನೈನನ್ನು ದೊಡ್ಡ ಮೊಲದಂತೆ ಕರಗಿಸಿಕೊಳ್ಳಲಾರದು ಎಂಬುದನ್ನು ಅವರು ಹಿಂದೆಯೇ ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಹಾಗಾಗಿ ಹೊಟ್ಟೆಯೊಳಗಿನ ಮಗುವಿಗೆ ಏನಾಗುತ್ತದೆ ಎಂದು ಕೇಳುವುದು ಅವರಿಗೆ ಹೊಳೆಯಿತು.

ನಿಮ್ಮ ಕೌಂಟರಿಗೂ ಆ ಪ್ರಶ್ನೆ ಬರುತ್ತದೆ. ಮೊಡವೆಗೆಂದು ನುಂಗುವ ಐಸೊಟ್ರೆಟಿನಾಯಿನ್ ಕೇಳಿ ಹೊಸದಾಗಿ ಮದುವೆಯಾದ ಹುಡುಗಿ ನಿಲ್ಲುತ್ತಾಳೆ. ಮೂರ್ಛೆರೋಗಕ್ಕೆ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವ ಸೊಸೆಯ ಹಳೆಯ ಚೀಟಿ ಹಿಡಿದು ಮಾವ ಬರುತ್ತಾರೆ. ಎರಡೂ ಹೊಟ್ಟೆಯೊಳಗಿನ ಮಗುವಿಗೆ ಊನ ತರಬಲ್ಲ ಮಾತ್ರೆಗಳು. ಮೂರ್ಛೆಯ ಮಾತ್ರೆ ನಿಲ್ಲಿಸಿ ಎಂದು ನೀವು ಹೇಳಬಾರದು, ಅದರಿಂದ ಮೂರ್ಛೆ ಮರುಕಳಿಸಬಹುದು. ಮಗುವಿನ ಯೋಚನೆಗೆ ಮೊದಲೇ ವೈದ್ಯರನ್ನು ಕಾಣಿ ಎಂದು ಹೇಳಬಹುದು. ಹಾಗೆ ಹೇಳಬೇಕೆಂದು ತೋಚುವುದು 28ನೇ ದಿನದ ಲೆಕ್ಕ ತಲೆಯಲ್ಲಿದ್ದವರಿಗೆ.

ದಿನದ ಲೆಕ್ಕ ನಿಮ್ಮ ಮನೆಗೆ ಹೊಸದೂ ಅಲ್ಲ. ಈಗ ಬಹುತೇಕರು ಬೇರೆಡೆ ಮರಿ ಮಾಡಿ ಬೆಳೆಸಿದ ಎಳೆಯ ಹುಳುವನ್ನೇ, ಅಂದರೆ ಚಾಕಿ ಹುಳುವನ್ನೇ ತರುತ್ತಾರೆ, ಆದರೆ ಮೊಟ್ಟೆ ತಂದು ಮರಿ ಮಾಡಿದ ಅಜ್ಜಿಯರನ್ನು ಕೇಳಿ ನೋಡಿ. ಮೊಟ್ಟೆಯಲ್ಲಿ ಚುಕ್ಕೆ ಮೂಡಿತೆಂದರೆ ಇನ್ನೆರಡು ದಿನವೆಂದು ಕಪ್ಪು ಬಟ್ಟೆ ಮುಚ್ಚಿ ಕತ್ತಲಲ್ಲಿಟ್ಟು, ಮರಿ ಹೊರಡುವ ಬೆಳಿಗ್ಗೆ ಬೆಳಕಿಗೆ ತೆರೆದರೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಆ ಚುಕ್ಕೆ ಭ್ರೂಣದ ತಲೆ. ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗ ಇಲ್ಲದ ಮೊಟ್ಟೆಗಾಗಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಲ್ಲ, ಅದು 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ರೈತರಿಗಾಗಿ ಲೂಯಿ ಪಾಶ್ಚರ್ ರೂಢಿಗೆ ತಂದ ಕ್ರಮ. ಸೂಕ್ಷ್ಮದರ್ಶಕ ನಿಮ್ಮ ಊರಿಗೆ ಕಾಲೇಜಿಗಿಂತ ಮೊದಲೇ ಬಂದಿರಬೇಕು.

ಅಂಗಾಂಶದ ಪಾಠ ಒಣಕಲು ಎಂದು ಎಲ್ಲರೂ ದೂರುತ್ತಾರೆ. ಅದನ್ನು ಬಾಗಿಲುಗಳ ಪಾಠವೆಂದು ಓದಿ. ಎದೆನೋವಿನ ಮಾತ್ರೆಯನ್ನು ನಾಲಿಗೆಯ ಕೆಳಗೆ ಏಕೆ ಇಡಿಸುತ್ತಾರೆ? ಅಲ್ಲಿನ ಹೊದಿಕೆ ತೆಳು, ಮದ್ದಿನ ಪಾಲನ್ನು ಕರಗಿಸಿಬಿಡುವ ಯಕೃತ್ತಿಗೆ ಸುಂಕ ಕಟ್ಟದೆ ಅದು ನೇರ ರಕ್ತಕ್ಕೆ ಸೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕಿರಿದಾದ ಅಣು, ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಅದೇ ಕೆಲಸದ ಹೆಪಾರಿನ್ ಗಾತ್ರದಲ್ಲಿ ದೊಡ್ಡದು, ದಾಟಲಾರದು. ಬಸಿರಿಯರಿಗೆ ಚುಚ್ಚುಮದ್ದಿನ ಹಿಂಸೆ ಇದ್ದರೂ ಹೆಪಾರಿನ್ನನ್ನೇ ಹೆಚ್ಚಾಗಿ ಆರಿಸುವುದು ಇದಕ್ಕೇ.

ಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನ 'ಟಿಶ್ಯೂ' ಫ್ರೆಂಚಿನಿಂದ ಬಂದದ್ದು, ನೇಯ್ದ ಬಟ್ಟೆ ಎಂದು ಅರ್ಥ. ಸೂಕ್ಷ್ಮದರ್ಶಕವನ್ನು ನಂಬದ ಬಿಷಾ ಎಂಬ ಫ್ರೆಂಚ್ ವೈದ್ಯ ಬರಿಗಣ್ಣಿನಲ್ಲಿಯೇ 21 ಬಗೆಯ ಅಂಗಾಂಶಗಳನ್ನು ಗುರುತಿಸಿ, ಮೂವತ್ತನೇ ವಯಸ್ಸಿಗೆ ತೀರಿಕೊಂಡ. ಅಂಗಾಂಶಗಳ ಅಧ್ಯಯನವಾದ 'ಹಿಸ್ಟಾಲಜಿ'ಯ ಮೂಲದಲ್ಲಿರುವ ಗ್ರೀಕ್ ಪದಕ್ಕೆ ಮಗ್ಗವೆಂದೂ ಅರ್ಥವಿದೆ. ಶಿಡ್ಲಘಟ್ಟದವರು ಈ ಶಬ್ದಗಳಿಗೆ ಹೆದರುವುದು ತಮಾಷೆಯಾಗಿದೆ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ, ವಿಧಿಯಿಲ್ಲ. ಅರ್ಥವನ್ನು ಮಾತ್ರ ಕನ್ನಡದಲ್ಲಿ ಮಾಡಿಕೊಳ್ಳಿ, ಕೌಂಟರಿನ ಆಚೆ ನಿಲ್ಲುವವರಿಗೆ ನೀವು ಹೇಳಬೇಕಾದದ್ದು ಕನ್ನಡದಲ್ಲಿಯೇ, ಕೆಲವೊಮ್ಮೆ ತೆಲುಗಿನಲ್ಲಿ.

ಕಳೆದ ಸಂಚಿಕೆಯ ಆ ಸಾಲನ್ನು ಓದುಗರು ಹೀಗೆ ತಿದ್ದಿಕೊಳ್ಳಬೇಕು: ಗರ್ಭ ಧರಿಸಲು ಯೋಚಿಸುವವರು ಕನಿಷ್ಠ ಒಂದು ತಿಂಗಳು ಮುಂಚಿನಿಂದ ಮೊದಲ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು, ಹಿಂದೆ ನರನಾಳದ ತೊಂದರೆ ಕಂಡಿದ್ದವರು ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಬೇಕು.