ಸುಶಿ ಕ್ಲಾಸಿನಲ್ಲಿ ಅನ್ನ ಕಲಸುವವರು ಯಾರು?

ಜಪಾನ್ ಪ್ರವಾಸದ ಬಗ್ಗೆ ಪತ್ರ ಬರೆಯುವವರಲ್ಲಿ ಈಗೀಗ ದೇವಸ್ಥಾನ, ಬುಲೆಟ್ ಟ್ರೇನಿಗಿಂತ ಸುಶಿ ಕ್ಲಾಸಿನ ಬಗ್ಗೆ ಕೇಳುವವರೇ ಜಾಸ್ತಿ. ಸುಶಿ ಎಂದರೆ ವಿನೆಗರ್ ಬೆರೆಸಿದ ಅನ್ನಕ್ಕೆ ಮೀನನ್ನೋ ತರಕಾರಿಯನ್ನೋ ಜೊತೆ ಮಾಡಿದ ಜಪಾನಿನ ತಿನಿಸು. ಯಜಮಾನರ ಕೆಲಸದಿಂದಾಗಿ ನಾನು ಕೆಲವು ವರ್ಷ ಟೋಕಿಯೊದಲ್ಲಿದ್ದೆ. ನೋಡಲು ಬಂದ ನೆಂಟರನ್ನೆಲ್ಲ ಇಂಥ ಕ್ಲಾಸಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ಬರುವ ಏಪ್ರಿಲ್‌ನಲ್ಲಿ ನಾವಿಬ್ಬರೂ ಟೋಕಿಯೊ, ಕ್ಯೋಟೊಗೆ ಹೊರಟಿದ್ದೇವೆ. ಸುಶಿ ಕ್ಲಾಸ್ ಹುಡುಕಿ ಹುಡುಕಿ ತಲೆ ಕೆಟ್ಟಿದೆ. ಒಂದಕ್ಕೆ 6,000 ಯೆನ್, ಇನ್ನೊಂದಕ್ಕೆ 15,000. ಎಲ್ಲರೂ ‘ಹೊಸಬರಿಗಾಗಿ’ ಎಂದೇ ಬರೆದಿದ್ದಾರೆ. ಹೇಗೆ ಆರಿಸುವುದು? ನನಗೆ ಮೀನು ಕತ್ತರಿಸಲು ಬೇರೆ ಬರುವುದಿಲ್ಲ.

ಉತ್ತರ: ಮೀನಿನ ಚಿಂತೆ ಬಿಡಿ. ಹೊಸಬರ ಕ್ಲಾಸಿನಲ್ಲಿ ಸಾಮಾನ್ಯವಾಗಿ ಮೀನನ್ನು ಕತ್ತರಿಸಿ, ತಟ್ಟೆಯಲ್ಲಿ ಜೋಡಿಸಿಯೇ ಇಟ್ಟಿರುತ್ತಾರೆ. ಯಾನಗಿಬಾ ಎಂಬ ಉದ್ದನೆಯ ಚಾಕುವನ್ನು ನಿಮ್ಮ ಕೈಗೆ ಕೊಡುವವರು ಕಡಿಮೆ. ಕೊಡದಿರುವುದೇ ಒಳ್ಳೆಯದು.

ದುಡ್ಡು ಕಟ್ಟುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಅನ್ನವನ್ನು ನಾವು ಕಲಸುತ್ತೇವಾ, ಅಥವಾ ಕಲಸಿಟ್ಟಿರುತ್ತೀರಾ? ಕಲಸಿಟ್ಟ ಅನ್ನದ ಮೇಲೆ ಕತ್ತರಿಸಿಟ್ಟ ಮೀನು ಇಡುವುದಾದರೆ ಅದು ಊಟ, ಜೊತೆಗೆ ಫೋಟೊ. ಬೇಡ ಅನ್ನುವುದಿಲ್ಲ, ಮಕ್ಕಳಿದ್ದರೆ ಅದೂ ಮಜಾನೇ. ಆದರೆ ಅದಕ್ಕೆ 15,000 ಯೆನ್ ಕೊಡಬೇಡಿ. ಸುಶಿಯಲ್ಲಿ ಕಲಿಯಬೇಕಾದ ಕೆಲಸ ಇರುವುದೇ ಅನ್ನದಲ್ಲಿ.

ಒಳ್ಳೆ ಕ್ಲಾಸಿನಲ್ಲಿ ಏನಾಗುತ್ತದೆ ಅಂದರೆ, ಹಾಂಗಿರಿ ಎಂಬ ಅಗಲ ಬಾಯಿಯ ಮರದ ತೊಟ್ಟಿಯನ್ನು ನೀರಿನಿಂದ ಒದ್ದೆ ಮಾಡಿ ಒರೆಸಿ ಇಟ್ಟಿರುತ್ತಾರೆ. ಅದಕ್ಕೆ ಹಬೆಯಾಡುವ ಬಿಸಿ ಅನ್ನ ಸುರಿಯುತ್ತಾರೆ. ಅಕ್ಕಿ ಜಪಾನಿನ ಗಿಡ್ಡ ಅಕ್ಕಿಯೇ, ಉದ್ದನೆಯ ಉದುರು ಅಕ್ಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಕ್ಕರೆ, ಉಪ್ಪು ಕರಗಿಸಿದ ವಿನೆಗರನ್ನು ಮರದ ಸೌಟಿನ ಮೇಲೆ ಹರಿಸುತ್ತಾ ಅನ್ನಕ್ಕೆಲ್ಲ ಚಿಮುಕಿಸುತ್ತಾರೆ. ಆಮೇಲೆ ಸೌಟು ನಿಮ್ಮ ಕೈಗೆ. ತಿರುವಬಾರದು, ಒತ್ತಬಾರದು. ಸೌಟನ್ನು ಓರೆಯಾಗಿ ಹಿಡಿದು ಅನ್ನವನ್ನು ಕೊಯ್ದ ಹಾಗೆ ಬಿಡಿಸಬೇಕು, ಮಗುಚಬೇಕು, ಮತ್ತೆ ಕೊಯ್ಯಬೇಕು. ಪಕ್ಕದಲ್ಲಿ ಇನ್ನೊಬ್ಬರು ಬೀಸಣಿಗೆ ಬೀಸುತ್ತಿರಬೇಕು. ಅನ್ನ ಬಿಸಿ ಇದ್ದಾಗಲೇ ವಿನೆಗರ್ ಒಳಗಿಳಿಯುತ್ತದೆ. ಬೀಸಿದಾಗ ಮೇಲಿನ ಪಸೆ ಆರಿ ಅಗುಳಿಗೆ ಹೊಳಪು ಬರುತ್ತದೆ. ಮರದ ತೊಟ್ಟಿ ಯಾಕೆ ಅಂದರೆ ಹೆಚ್ಚಿನ ನೀರನ್ನು ಮರ ಹೀರಿಕೊಳ್ಳುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಅದು ತಳಕ್ಕೆ ಹೋಗಿ ಕೂರುತ್ತದೆ.

ಟೋಕಿಯೊದ ಅಸಾಕುಸಾ ಬಡಾವಣೆಯ ಒಂದು ಕ್ಲಾಸಿನಲ್ಲಿ ಟೀಚರು ವಯಸ್ಸಾದ ಹೆಂಗಸು. ಹೊಳಪು ಬರುವವರೆಗೆ ಯಾರಿಗೂ ಮೀನಿನ ತಟ್ಟೆಯ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ಅಂಥವರು ಸಿಕ್ಕರೆ ನೀವು ಅದೃಷ್ಟವಂತರು.

ಬರೆದುಕೊಳ್ಳುವವರಿಗೆ ಅಳತೆ: 300 ಗ್ರಾಂ ಅಕ್ಕಿಗೆ ಸುಮಾರು 4 ದೊಡ್ಡ ಚಮಚ ಅಕ್ಕಿ ವಿನೆಗರ್, 2 ದೊಡ್ಡ ಚಮಚ ಸಕ್ಕರೆ, 1 ಸಣ್ಣ ಚಮಚ ಉಪ್ಪು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಜಗಳ ಬೇಡ.

ಪ್ರಶ್ನೆ: ನಿಗಿರಿ (ಅನ್ನದ ಸಣ್ಣ ಉಂಡೆಯ ಮೇಲೆ ಮೀನಿನ ತುಂಡು) ಮಾಡುವುದು ಕಷ್ಟವೋ, ಸುರುಳಿ ಸುತ್ತುವುದು ಕಷ್ಟವೋ? ಒಂದೇ ಕ್ಲಾಸಿಗೆ ಹೋಗುವಷ್ಟು ಸಮಯವಿದೆ.

ಉತ್ತರ: ಸುರುಳಿ ಸುಲಭ, ನಿಗಿರಿ ಕಷ್ಟ. ಆದರೆ ನೋಡುವವರಿಗೆ ಉಲ್ಟಾ ಅನ್ನಿಸುತ್ತದೆ.

ಸುರುಳಿಗೆ ಬಿದಿರಿನ ಚಾಪೆ ಸಹಾಯಕ್ಕಿರುತ್ತದೆ. ನೋರಿ ಎಂಬ ಒಣ ಕಡಲಪಾಚಿ ಹಾಳೆಯ ಹೊಳೆಯುವ ಮುಖ ಕೆಳಗೆ ಬರಬೇಕು. ಅನ್ನ ತೆಳ್ಳಗೆ ಹರಡಿ, ಆಚೆ ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗ ಖಾಲಿ ಬಿಡಿ, ಸುತ್ತಿ. ಅಷ್ಟೇ. ಹೊಸಬರು ಅನ್ನ ಜಾಸ್ತಿ ಹಾಕುತ್ತಾರೆ, ಸುರುಳಿ ಕೂಡಿಕೊಳ್ಳುವುದಿಲ್ಲ. ಎರಡನೆಯದು ಸರಿಯಾಗೇ ಬರುತ್ತದೆ.

ನಿಗಿರಿಗೆ ಕೈ ಬಿಟ್ಟರೆ ಬೇರೇನೂ ಇಲ್ಲ. ವಿನೆಗರ್ ಬೆರೆಸಿದ ನೀರಿನಲ್ಲಿ ಬೆರಳು ಅದ್ದಿ, ಒಮ್ಮೆ ಚಪ್ಪಾಳೆ ತಟ್ಟಿ ಹೆಚ್ಚಿನ ನೀರು ಕೊಡವಿಕೊಳ್ಳಬೇಕು. ಬಲಗೈಯಲ್ಲಿ ಹದಿನೈದು–ಇಪ್ಪತ್ತು ಗ್ರಾಂ ಅನ್ನ, ಎಡಗೈ ಬೆರಳುಗಳ ಮೇಲೆ ಮೀನು, ಮೀನಿಗೆ ತುಸು ವಸಾಬಿ, ಅಂದರೆ ಮೂಗಿಗೇರುವ ಖಾರದ ಹಸಿರು ಪೇಸ್ಟು. ಅನ್ನ ಇಟ್ಟು ನಡುವೆ ಹೆಬ್ಬೆರಳಿನಿಂದ ಮೆತ್ತಗೆ ಗುಳಿ ಮಾಡಿ, ಮಗುಚಿ, ಎರಡು ಬೆರಳಿನಿಂದ ಅದುಮಬೇಕು. ಅನ್ನ ಕೈಯಲ್ಲಿ ಹಿಡಿದರೆ ಉದುರಬಾರದು, ಬಾಯಿಗಿಟ್ಟರೆ ಬಿಡಿಬಿಡಿಯಾಗಬೇಕು. ಈ ಹದ ಎರಡು ಗಂಟೆಯಲ್ಲಿ ಬರುವುದಿಲ್ಲ. ಒಂದು ಸಲ ಪಕ್ಕದ ಮೇಜಿನ ದಪ್ಪ ಕೈಯ ಯುವಕನೊಬ್ಬ ಅನ್ನವನ್ನು ಎಷ್ಟು ಒತ್ತಿದ್ದ ಅಂದರೆ, ಟೀಚರು ಅದನ್ನು ಮೇಜಿನ ಮೇಲೆ ಟಕ್ ಟಕ್ ಎಂದು ತಟ್ಟಿ ತೋರಿಸಿದರು. ಒಂದು ಅಗುಳೂ ಉದುರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಒಂದೇ ಕ್ಲಾಸ್ ಅಂದರೆ ನಿಗಿರಿ ಇರುವುದನ್ನೇ ಆರಿಸಿ. ಟೋಕಿಯೊದಲ್ಲಿ ಕಲಿಯುವುದಕ್ಕೂ ಒಂದು ಅರ್ಥವಿದೆ. ಊರಿಗೆ ಎಡೊ ಎಂಬ ಹೆಸರಿದ್ದ 1820ರ ದಶಕದಲ್ಲಿ ಹನಾಯಾ ಯೋಹೇ ಎಂಬವನು ಇದನ್ನು ಜನಪ್ರಿಯ ಮಾಡಿದ ಎನ್ನುತ್ತಾರೆ. ಆಗ ಇದು ಬೀದಿ ತಿಂಡಿ, ಒಂದೊಂದು ತುಂಡೂ ಈಗಿನದಕ್ಕಿಂತ ದೊಡ್ಡದು. ಅದಕ್ಕೂ ಹಿಂದಿನ ಸುಶಿಯಲ್ಲಿ ಅನ್ನ ಇದ್ದದ್ದು ಮೀನನ್ನು ಹುಳಿಬರಿಸಿ ಕೆಡದಂತೆ ಇಡಲಿಕ್ಕೆ. ಬಿವಾ ಸರೋವರದ ಕಡೆಯ ಫುನಾಜುಶಿ ಈಗಲೂ ಹಾಗೇ ಇದೆ. ಕ್ಯೋಟೊದಿಂದ ಹತ್ತಿರ, ರುಚಿ ನೋಡಬಹುದು. ವಾಸನೆಗೆ ಮಾತ್ರ ತಯಾರಾಗಿ ಹೋಗಿ!

ಪ್ರಶ್ನೆ: ಅಕ್ಕ, ನನ್ನ ಜೊತೆ ನಮ್ಮ ಅತ್ತೆಯೂ ಬರುತ್ತಿದ್ದಾರೆ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಕ್ಲಾಸಿನವರು ‘ಸಸ್ಯಾಹಾರಿ ಆಯ್ಕೆ ಇದೆ’ ಎನ್ನುತ್ತಾರೆ. ನಂಬಬಹುದಾ?

ಉತ್ತರ: ಅರ್ಧ ನಂಬಿ. ಮೇಲೆ ಮೀನು ಇರುವುದಿಲ್ಲ, ಅದು ನಿಜ. ಒಳಗೆ ಏನಿದೆ ಅನ್ನುವುದು ಬೇರೆ ವಿಷಯ.

ತೊಂದರೆ ಇರುವುದು ದಾಶಿಯಲ್ಲಿ. ಜಪಾನಿನ ಅಡುಗೆಯಲ್ಲಿ ಬೇಯಿಸುವುದಕ್ಕೆಲ್ಲ ಹಾಕುವ ತಿಳಿಸಾರು ಅದು. ಹೆಚ್ಚಾಗಿ ಒಣಗಿಸಿ ಹೊಗೆಯಾಡಿಸಿದ ಮೀನಿನ ಚೂರುಗಳಿಂದ, ಅಂದರೆ ಕತ್ಸುವೊಬುಶಿಯಿಂದ ಮಾಡುತ್ತಾರೆ. ಸೌತೆಕಾಯಿ ಹಾಕಿದ ಕಪ್ಪಾಮಾಕಿ, ಅವಕಾಡೊ ಸುರುಳಿ ಇವಕ್ಕೆ ಅದರ ಕಾಟ ಇಲ್ಲ. ಆದರೆ ಸಿಹಿಯಾಗಿ ಬೇಯಿಸಿದ ಶಿಟಾಕೆ ಅಣಬೆ, ಒಣ ಸೋರೆಕಾಯಿಯ ಎಳೆ (ಕಾಂಪ್ಯೊ), ಇನಾರಿಯ ಕರಿದ ತೋಫು ಚೀಲ ಇವು ದಾಶಿಯಲ್ಲಿ ಬೆಂದಿರಬಹುದು. ಕ್ಲಾಸಿನ ಕೊನೆಗೆ ಕೊಡುವ ಮಿಸೊ (ಹುದುಗಿಸಿದ ಸೋಯಾ ಪೇಸ್ಟು) ಸೂಪಿನಲ್ಲಂತೂ ಬಹುತೇಕ ಇರುತ್ತದೆ. ಬಾಟಲಿಯಲ್ಲಿ ಬರುವ ತಯಾರಿ ಸುಶಿ ವಿನೆಗರ್‌ನಲ್ಲೂ ಕೆಲವೊಮ್ಮೆ ಇರುತ್ತದೆ. ಅಡಗಿಸಿಡಬೇಕು ಅಂತ ಅವರು ಹಾಗೆ ಮಾಡುವುದಿಲ್ಲ. ಅಲ್ಲಿ ಅನೇಕರಿಗೆ ಅದು ಮೀನು ಎಂದು ಅನ್ನಿಸುವುದೇ ಇಲ್ಲ, ಉಪ್ಪು ಹಾಕಿದಷ್ಟು ಸಹಜ.

ಆದ್ದರಿಂದ ‘ಸಸ್ಯಾಹಾರಿ’ ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಬುಕ್ ಮಾಡುವಾಗಲೇ ಬಿಡಿಸಿ ಬರೆಯಿರಿ: ಮೀನು ಬೇಡ, ಮೊಟ್ಟೆ ಬೇಡ, ಕತ್ಸುವೊ ದಾಶಿಯೂ ಬೇಡ, ಕೊಂಬು ದಾಶಿ ಆಗಬಹುದು. ಕೊಂಬು ಎಂದರೆ ಕಡಲಪಾಚಿ, ಅತ್ತೆಯವರಿಗೆ ತೊಂದರೆ ಇಲ್ಲ. ಹೋದ ಮೇಲೆ ಹೇಳಿದರೆ ಆಗುವುದಿಲ್ಲ, ಅಷ್ಟರಲ್ಲಿ ಎಲ್ಲ ಬೆಂದಿರುತ್ತದೆ. ಸ್ಪಷ್ಟ ಉತ್ತರ ಕೊಡದವರನ್ನು ಬಿಟ್ಟುಬಿಡಿ. ಅನ್ನವನ್ನು ನಿಮ್ಮ ಕಣ್ಣೆದುರೇ ಕಲಸುವ ಕ್ಲಾಸಾದರೆ ವಿನೆಗರ್ ಬಾಟಲಿಯೂ ಕಣ್ಣಿಗೆ ಬೀಳುತ್ತದೆ. ಇದು ಇನ್ನೊಂದು ಲಾಭ. ಅಂದಹಾಗೆ, ಅಡುಗೆಗೆ ಬಳಸುವ ಮಿರಿನ್‌ನಲ್ಲಿ ಮದ್ಯದ ಅಂಶ ಇರುತ್ತದೆ. ಅವರಿಗೆ ಅದೂ ಆಗದಿದ್ದರೆ ಸೇರಿಸಿ ಬರೆಯಿರಿ.

ಪ್ರಶ್ನೆ: ನನಗೀಗ ಐದನೇ ತಿಂಗಳು. ವಸಾಬಿ, ವಿನೆಗರ್ ಇದ್ದರೆ ಹಸಿ ಮೀನಿನಲ್ಲಿರುವ ಹುಳು ಸಾಯುತ್ತದೆ ಎಂದು ಸ್ನೇಹಿತೆ ಹೇಳಿದಳು. ಕ್ಲಾಸಿಗೆ ಹೋಗಬಹುದಾ?

ಉತ್ತರ: ಸ್ನೇಹಿತೆಯ ಮಾತು ತಪ್ಪು. ಅನಿಸಾಕಿಸ್ ಎಂಬ ಆ ಹುಳು ಅಡುಗೆಗೆ ಹಾಕುವಷ್ಟು ವಸಾಬಿಗೂ ಸಾಯುವುದಿಲ್ಲ, ವಿನೆಗರ್‌ಗೂ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗೂ ಹೆಚ್ಚು ಹೊತ್ತು ಹೆಪ್ಪುಗಟ್ಟಿಸಬೇಕು, ಇಲ್ಲವೇ ಚೆನ್ನಾಗಿ ಬೇಯಿಸಬೇಕು ಎಂದು ಜಪಾನಿನ ಆರೋಗ್ಯ ಸಚಿವಾಲಯವೇ ಹೇಳುತ್ತದೆ. ಹುಳು ಬಿಟ್ಟು ಬ್ಯಾಕ್ಟೀರಿಯಾದ ಅಪಾಯ ಬೇರೆ. ಈ ಸಮಯದಲ್ಲಿ ಹಸಿ ಮೀನು ಬೇಡಮ್ಮ. ಟ್ಯೂನಾದಲ್ಲಿ ಪಾದರಸ ಇರುವುದರಿಂದ ಗರ್ಭಿಣಿಯರು ಅದರ ಕೆಲವು ಜಾತಿಗಳನ್ನು ಮಿತಿಯಲ್ಲಿ ತಿನ್ನಬೇಕು ಎಂದೂ ಅದೇ ಸಚಿವಾಲಯ ಸಲಹೆ ಕೊಟ್ಟಿದೆ. ನಿಮ್ಮ ಡಾಕ್ಟರನ್ನೂ ಒಮ್ಮೆ ಕೇಳಿ.

ಕ್ಲಾಸಿಗೆ ಮಾತ್ರ ಧಾರಾಳವಾಗಿ ಹೋಗಿ. ಬೇಯಿಸಿದ ಸಿಗಡಿ, ಬೇಯಿಸಿದ ಅನಾಗೊ (ಹಾವಿನಂಥ ಕಡಲ ಮೀನು), ಸೌತೆಕಾಯಿ ಇವುಗಳಿಂದಲೂ ಅದೇ ನಿಗಿರಿ, ಅದೇ ಸುರುಳಿ. ಮೊದಲೇ ತಿಳಿಸಿ, ನಿಮಗೆ ಬೇರೆ ಹಲಗೆ, ಬೇರೆ ತಟ್ಟೆ ಕೇಳಿ. ಅನ್ನ ಕಲಸುವಾಗ ನಿಂತೇ ಇರಬೇಕಾಗುತ್ತದೆ, ಕುರ್ಚಿಯನ್ನೂ ಕೇಳಿ.

ಪ್ರಶ್ನೆ: ಸುಶಿ ಮಾಡುವವರು ವರ್ಷಗಟ್ಟಲೆ ದುಡಿದು ಕಲಿಯುತ್ತಾರಂತೆ. ಎರಡು ಗಂಟೆಯ ಕ್ಲಾಸ್ ಅಂದರೆ ಪ್ರವಾಸಿಗರಿಗೆ ಟೋಪಿ ಹಾಕುವುದು ಅಲ್ವಾ? ಅದರಲ್ಲೂ ಸಾಲ್ಮನ್, ಅವಕಾಡೊ ಹಾಕಿಸುತ್ತಾರೆ. ಅದೆಲ್ಲ ಅಸಲಿ ಸುಶಿಯೇ?

ಉತ್ತರ: ನೀವು ಕ್ಲಾಸಿಗೆ ಹೋಗುವ ಮೊದಲೇ ಪರೀಕ್ಷೆ ಬರೆಯಲು ಕೂತಿದ್ದೀರಿ! ಯಾರೂ ಎರಡು ಗಂಟೆಯಲ್ಲಿ ಸುಶಿಯವನಾಗುತ್ತೀರಿ ಎಂದು ಹೇಳುತ್ತಿಲ್ಲ. ಕೆಲವು ಕಡೆ ಕೊನೆಗೊಂದು ಸರ್ಟಿಫಿಕೇಟ್ ಕೊಡುತ್ತಾರೆ, ಅದನ್ನು ನಗುತ್ತಾ ತೆಗೆದುಕೊಳ್ಳಿ.

ಸಾಲ್ಮನ್ ವಿಷಯದಲ್ಲಿ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಜಪಾನಿನವರು ತಮ್ಮ ಸಾಲ್ಮನ್ ಮೀನನ್ನು ಹುಳುವಿನ ಭಯಕ್ಕೆ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ತಾವು ಸಾಕಿದ ಸಾಲ್ಮನ್ ಮಾರಲು ಬಂದು, ಹಸಿಯಾಗಿ ತಿನ್ನಿ ಎಂದು ವರ್ಷಗಟ್ಟಲೆ ಪ್ರಚಾರ ಮಾಡಿದರು. ಈಗ ತಿರುಗುವ ಬೆಲ್ಟಿನ ಸುಶಿ ಹೋಟೆಲುಗಳಲ್ಲಿ ಜಪಾನಿನ ಮಕ್ಕಳೇ ಮೊದಲು ಕೈ ಹಾಕುವುದು ಅದಕ್ಕೆ. ಆ ಬೆಲ್ಟ್ ಬಂದಿದ್ದೂ 1958ರಲ್ಲಿ, ಒಸಾಕಾದ ಪಕ್ಕದಲ್ಲಿ. ಅಲ್ಲಿನವರೇ ಚಪ್ಪರಿಸಿ ತಿನ್ನುವುದನ್ನು ನಕಲಿ ಅನ್ನಲು ನಾವ್ಯಾರು?

ಪ್ರಶ್ನೆ: ‘ತ್ಸುಕಿಜಿ ಮಾರ್ಕೆಟ್ ಸುತ್ತಾಟ ಮತ್ತು ಸುಶಿ ಕ್ಲಾಸ್’ ಎಂಬ ಪ್ಯಾಕೇಜ್ ನೋಡಿದೆ. ಅಲ್ಲಿ ಟ್ಯೂನಾ ಹರಾಜು ನೋಡಲು ಸಿಗುತ್ತದಾ?

ಉತ್ತರ: ಇಲ್ಲ. ತ್ಸುಕಿಜಿಯಲ್ಲಿದ್ದ ಟೋಕಿಯೊದ ಸಗಟು ಮೀನು ಮಾರುಕಟ್ಟೆ 2018ರ ಅಕ್ಟೋಬರ್‌ನಲ್ಲೇ ತೊಯೋಸು ಎಂಬ ಕಡೆಗೆ ಹೋಯಿತು, ಹರಾಜು ಈಗ ಅಲ್ಲಿ. ತ್ಸುಕಿಜಿಯಲ್ಲಿ ಉಳಿದಿರುವುದು ಹೊರಗಿನ ಅಂಗಡಿ ಬೀದಿಗಳು. ಒಣ ಮೀನು, ನೋರಿ, ಉಪ್ಪಿನಕಾಯಿ, ಚಾಕು, ಕೋಲಿಗೆ ಚುಚ್ಚಿದ ಮೊಟ್ಟೆ ತುಂಡು, ಎಲ್ಲ ಅಲ್ಲಿ ಸಿಗುತ್ತದೆ. ಸುತ್ತಾಡಲು ಚೆನ್ನಾಗಿದೆ. ಭಾನುವಾರ ಮತ್ತು ಹಲವು ಬುಧವಾರ ಬಹಳ ಅಂಗಡಿ ಮುಚ್ಚಿರುತ್ತವೆ, ಆ ದಿನ ಬುಕ್ ಮಾಡಬೇಡಿ. ಸುತ್ತಾಡುತ್ತಾ ಹೊಟ್ಟೆ ತುಂಬಿಸಿಕೊಳ್ಳಲೂ ಬೇಡಿ. ಮಾಡಿದ್ದನ್ನೆಲ್ಲ ಆಮೇಲೆ ನೀವೇ ತಿನ್ನಬೇಕು.

ಪ್ರಶ್ನೆ: ಹಾಕಿಕೊಳ್ಳುವ ಬಟ್ಟೆ, ಟಿಪ್ಸ್, ಕೊಂಡು ತರುವ ಸಾಮಾನು, ಇವುಗಳ ಬಗ್ಗೆ ಒಂದೆರಡು ಮಾತು ಹೇಳಿ.

ಉತ್ತರ: ಸೆಂಟ್ ಹಾಕಿಕೊಳ್ಳಬೇಡಿ. ಉಂಗುರ, ಬಳೆ ತೆಗೆದಿಡಿ. ಮಡಚಲು ಬರುವ ತೋಳು ಇರಲಿ. ಶೂ ಕಳಚಬೇಕಾಗಬಹುದು, ತೂತಿಲ್ಲದ ಸಾಕ್ಸ್ ಹಾಕಿಕೊಳ್ಳಿ. ಹತ್ತು ನಿಮಿಷ ಮೊದಲೇ ಹೋಗಿ. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಬಲವಂತ ಮಾಡಿದರೆ ಅವರಿಗೇ ಮುಜುಗರ. ತಿನ್ನುವಾಗ ನಿಗಿರಿಯನ್ನು ಕೈಯಲ್ಲೇ ತೆಗೆದುಕೊಳ್ಳಬಹುದು. ಸೋಯಾ ಸಾಸ್ ಮೀನಿನ ಕಡೆಗೆ ತಾಗಿಸಿ, ಅನ್ನದ ಕಡೆ ಅದ್ದಿದರೆ ಅಷ್ಟು ಕಷ್ಟಪಟ್ಟು ಮಾಡಿದ್ದು ಬಟ್ಟಲಲ್ಲೇ ಬಿಚ್ಚಿಹೋಗುತ್ತದೆ.

ಸಾಮಾನಿಗೆ ಅಸಾಕುಸಾ ಹತ್ತಿರದ ಕಪ್ಪಾಬಾಶಿ ಬೀದಿಗೆ ಹೋಗಿ, ಉದ್ದಕ್ಕೂ ಅಡುಗೆ ಪಾತ್ರೆ ಅಂಗಡಿಗಳೇ. ಬಿದಿರಿನ ಚಾಪೆ, ಮರದ ಸೌಟು ಹಗುರ, ಅಗ್ಗ. ಹಾಂಗಿರಿಗೆ ಆಸೆಪಡಬೇಡಿ, ಅರ್ಧ ಸೂಟ್‌ಕೇಸ್ ಅದೇ ತಿನ್ನುತ್ತದೆ. ಆಮೇಲೆ ಸರಿಯಾಗಿ ಒಣಗಿಸದಿದ್ದರೆ ಬೂಷ್ಟು. ಚಾಕು ಕೊಂಡರೆ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿದ್ದರೆ ಏರ್‌ಪೋರ್ಟಿನಲ್ಲಿ ಬಿಟ್ಟು ಬರಬೇಕಾಗುತ್ತದೆ. ಟ್ಯೂಬಿನ ವಸಾಬಿ ಕೊಳ್ಳುವಾಗ ಹಿಂದಿನ ಪಟ್ಟಿಯನ್ನು ಯಾರಿಂದಲಾದರೂ ಓದಿಸಿಕೊಳ್ಳಿ. ಅಗ್ಗದ್ದರಲ್ಲಿ ಹೆಚ್ಚಿನ ಭಾಗ ಹಾರ್ಸ್‌ರ‍್ಯಾಡಿಶ್ ಎಂಬ ಬೇರೆ ಬೇರು, ಹಸಿರು ಬಣ್ಣ ಕಲಸಿದ್ದು.